ಗೆದ್ದ ರೊಕ್ಕದ ಟಿಡಿಎಸ್: ಕಾಗದದಲ್ಲಿ ತಪ್ಪಾದರೆ ಯಾರ ಬಾಗಿಲು ತಟ್ಟಬೇಕು?

2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಡ್ರೀಮ್11, ಎಂಪಿಎಲ್ ಥರದ ಆ್ಯಪ್‌ಗಳು ದುಡ್ಡು ಕಟ್ಟಿ ಆಡುವ ಆಟಗಳನ್ನು ಕೂಡಲೇ ನಿಲ್ಲಿಸಿದವು. ಕಾಯ್ದೆ ಸರಿಯೋ ತಪ್ಪೋ ಅನ್ನುವ ಜಗಳ ಸುಪ್ರೀಂ ಕೋರ್ಟಿಗೆ ಹೋಗಿದೆ. ಕರ್ನಾಟಕ ಹೈಕೋರ್ಟಿನಲ್ಲಿ ಹಾಕಿದ್ದ ಅರ್ಜಿಯನ್ನೂ ಅಲ್ಲಿಗೇ ವರ್ಗಾಯಿಸಿಕೊಂಡಿದ್ದಾರೆ. ಆ ಜಗಳ ಅದರ ಪಾಡಿಗೆ ನಡೆಯಲಿ. ಇಲ್ಲಿ ಹೇಳಬೇಕಾಗಿರುವುದು ಅದರ ಹಿಂದೆ ಉಳಿದಿರುವ ತೆರಿಗೆ ಲೆಕ್ಕದ ಬಗ್ಗೆ.

ಆಟ ನಿಂತರೂ ಆ ವರ್ಷದ ಲೆಕ್ಕ ನಿಂತಿಲ್ಲ. 2025ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಆಡಿ ಗೆದ್ದವರ ಹೆಸರಿನಲ್ಲಿ ಟಿಡಿಎಸ್ (ದುಡ್ಡು ಕೊಡುವವರೇ ಮೊದಲು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಟ್ ಆಗಿದೆ. ಆ್ಯಪ್ ಮುಚ್ಚುವಾಗ ವ್ಯಾಲೆಟ್‌ನಲ್ಲಿದ್ದ ಬಾಕಿ ವಾಪಸ್ ಬಂದವರಿಗೂ ಕೆಲವರಿಗೆ ಕಟ್ ಆಗಿದೆ. ಇದೆಲ್ಲ 2025-26ರ ರಿಟರ್ನ್‌ನಲ್ಲಿ ಕಾಣಬೇಕು, ಅದನ್ನು ಹಾಕಲು ವ್ಯಾಪಾರ ಇಲ್ಲದವರಿಗೆ 2026ರ ಜುಲೈ 31 ಕೊನೆ ದಿನ.

ನಮ್ಮ ಕಡೆ ಆಡಿದವರು ಕಮ್ಮಿಯೇನಲ್ಲ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ, ಕೆಎಎಸ್ ಅಂತ ಓದುವ ಹುಡುಗರಿದ್ದಾರೆ. ಐಪಿಎಲ್ ಶುರುವಾದರೆ ದಿನಾ ತಂಡ ಕಟ್ಟುವ ಹುಬ್ಬಳ್ಳಿಯ ಅಂಗಡಿ ಹುಡುಗರಿದ್ದಾರೆ. ಬ್ಯಾಡಗಿ ಮೆಣಸಿನಕಾಯಿ ಸೀಸನ್ ಮುಗಿದ ಮೇಲೆ ರಮ್ಮಿಗೆ ಕೂರುವವರಿದ್ದಾರೆ. ಇನ್ನು ಶನಿವಾರ ಕಾರು ಮಾಡಿಕೊಂಡು ಪಣಜಿ ಕ್ಯಾಸಿನೋಗೆ ಹೋಗಿ ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಗುಂಪುಗಳಂತೂ ಅವಳಿನಗರದಲ್ಲಿ ಹೊಸದಲ್ಲ. ಇವರೆಲ್ಲ ಆಡಿಟರ್ ಮುಂದೆ ಕೂತು ಕೇಳುವ ಪ್ರಶ್ನೆ ಮಾತ್ರ ಒಂದೇ: "ರೊಕ್ಕ ಮೊದ್ಲ ಕಟ್ ಆಗೇತಲ್ರಿ, ಮತ್ಯಾಕ ನೋಟಿಸು?"

ಉತ್ತರ ಇಷ್ಟು. ಗೆದ್ದ ದುಡ್ಡಿನ ಮೇಲಿನ ತೆರಿಗೆಯ ಮೊದಲ ಕಾಗದ ಬರೆಯುವುದು ನೀವಲ್ಲ, ದುಡ್ಡು ಕೊಟ್ಟವರು. ಅದರಲ್ಲಿ ತಪ್ಪಾದರೆ ನೋಟಿಸ್ ಬರುವುದು ಮಾತ್ರ ನಿಮಗೆ. ಆಗ ಬಹಳ ಜನ ಮಾಡುವುದೇನು ಅಂದರೆ, ಕೊಟ್ಟವರ ತಪ್ಪನ್ನು ತಮ್ಮ ರಿಟರ್ನ್‌ನಲ್ಲಿ ಅಂಕಿ ತಿರುಚಿ ಸರಿದೂಗಿಸಲು ನೋಡುತ್ತಾರೆ. ಅಲ್ಲಿಗೆ ಇದ್ದ ಒಂದು ತಪ್ಪು ಎರಡಾಗುತ್ತದೆ. ತಪ್ಪು ಯಾವ ಕಾಗದದಲ್ಲಿ ಹುಟ್ಟಿದೆಯೋ ಅಲ್ಲೇ ತಿದ್ದಿಸಬೇಕು. ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವಾಗ ಇದು ಸುಲಭದ ಕೆಲಸವಲ್ಲ, ಒಪ್ಪುತ್ತೇನೆ. ಆದರೂ ದಾರಿ ಇದೆ.

ಮೊದಲು ಯಾವುದು ತಪ್ಪೇ ಅಲ್ಲ ಅನ್ನುವುದನ್ನು ನೋಡೋಣ. ಅರ್ಧಕ್ಕರ್ಧ ಗಾಬರಿ ಅಲ್ಲಿಂದಲೇ ಬರುತ್ತದೆ.

2025-26ರ ಲೆಕ್ಕ ನಡೆಯುವುದು ಹಳೇ ಆದಾಯ ತೆರಿಗೆ ಕಾಯ್ದೆಯ ಪ್ರಕಾರ. ಅದರಲ್ಲಿ ಆನ್‌ಲೈನ್ ಆಟದ ಗೆಲುವಿಗೆ ಸೆಕ್ಷನ್ 115ಬಿಬಿಜೆ, ಲಾಟರಿ, ಇಸ್ಪೀಟು, ಕ್ಯಾಸಿನೋ, ಬೆಟ್ಟಿಂಗ್‌ಗೆ ಸೆಕ್ಷನ್ 115ಬಿಬಿ. ಎರಡರಲ್ಲೂ ನೇರ ಶೇ. 30 ತೆರಿಗೆ. ಅದರ ಮೇಲೆ ಶೇ. 4 ಸೆಸ್ ಸೇರಿ ಶೇ. 31.2 ಆಗುತ್ತದೆ. ಆದರೆ ಇಲ್ಲಿನ ನಿವಾಸಿಗಳಿಗೆ ಟಿಡಿಎಸ್ ಕಟ್ ಮಾಡುವಾಗ ಸೆಸ್ ಸೇರಿಸುವುದಿಲ್ಲ, ಬರೀ 30. ಹಾಗಾಗಿ 2 ಲಕ್ಷ ಗೆದ್ದವನಿಗೆ 60,000 ಕಟ್ ಆಗಿರುತ್ತದೆ, ತೆರಿಗೆ 62,400 ಬರುತ್ತದೆ. ಉಳಿದ 2,400 ರೂಪಾಯಿಗೆ ಬರುವ ಡಿಮಾಂಡ್ ಸರಿಯಾದ ಡಿಮಾಂಡೇ. ಕಂಪನಿಯದೂ ತಪ್ಪಿಲ್ಲ, ಇಲಾಖೆಯದೂ ತಪ್ಪಿಲ್ಲ. ಕಟ್ಟಿಬಿಡಿ.

ಎರಡನೆಯದು "12 ಲಕ್ಷದ ತನಕ ಟ್ಯಾಕ್ಸ್ ಇಲ್ವಲ್ಲ" ಅನ್ನುವ ಮಾತು. ಅದು ಸಂಬಳ, ಬಾಡಿಗೆ, ವ್ಯಾಪಾರದಂಥ ಮಾಮೂಲಿ ಆದಾಯಕ್ಕೆ ಕೊಟ್ಟ ರಿಯಾಯಿತಿ. ಗೆದ್ದ ದುಡ್ಡಿಗೆ ಅದು ಸಿಗುವುದಿಲ್ಲ. ಹೊಸ ಪದ್ಧತಿಯ 4 ಲಕ್ಷದ ಮೂಲ ವಿನಾಯಿತಿಯೂ ಇದಕ್ಕೆ ಅನ್ವಯಿಸುವುದಿಲ್ಲ. ಹೊಸ ಪದ್ಧತಿಯಲ್ಲಿ ಬೇರೇನೂ ಆದಾಯವಿಲ್ಲದ ವಿದ್ಯಾರ್ಥಿ 15,000 ಗೆದ್ದರೂ ಶೇ. 31.2 ಕಟ್ಟಬೇಕು. ಅನ್ಯಾಯ ಅನಿಸಬಹುದು. ನನಗೂ ಇದು ಸ್ವಲ್ಪ ಬಿಗಿ ಅನಿಸುತ್ತದೆ, ಕೋಟಿ ಗೆದ್ದವನಿಗೂ ಸಾವಿರ ಗೆದ್ದವನಿಗೂ ಒಂದೇ ದರ. ಆದರೆ ಕಾನೂನು ಇರುವುದು ಹಾಗೆ. "ನಿಮ್ಮ ಟಿಡಿಎಸ್ ಪೂರ್ತಿ ವಾಪಸ್ ತರಿಸಿಕೊಡ್ತೀನಿ, ಇಷ್ಟು ಪರ್ಸೆಂಟ್ ಕೊಡಿ" ಅಂತ ರಿಟರ್ನ್ ಹಾಕಿಕೊಡುವವರ ಹತ್ತಿರ ದಯವಿಟ್ಟು ಹೋಗಬೇಡಿ. ಅವರು ಮಾಡುವುದು ಇಷ್ಟೇ: ಗೆಲುವನ್ನು 'ಇತರೆ ಆದಾಯ' ಅಂತ ತೋರಿಸಿ ಐಟಿಆರ್-1 ಅನ್ನುವ ಸರಳ ರಿಟರ್ನ್ ಫಾರ್ಮ್ ಹಾಕುತ್ತಾರೆ. ರಿಫಂಡ್ ಬಂದರೂ ಬರಬಹುದು. ಆಮೇಲೆ ಇಲಾಖೆ ತಾಳೆ ನೋಡಿದಾಗ ಉತ್ತರ ಕೊಡಬೇಕಾದವರು ನೀವು. ಆದಾಯವನ್ನು ಕಮ್ಮಿ ತೋರಿಸಿದ್ದಕ್ಕೆ ದಂಡ, ಆ ತೆರಿಗೆಯ ಶೇ. 50. ಬೇಕಂತಲೇ ತಪ್ಪು ತೋರಿಸಿದ್ದು ಅಂತಾದರೆ ಶೇ. 200.

ಮೂರನೆಯದು ಜಿಎಸ್‌ಟಿ. 2023ರ ಅಕ್ಟೋಬರ್ 1ರಿಂದ ಆ್ಯಪ್‌ಗೆ ಹಾಕಿದ ದುಡ್ಡಿನ ಮೇಲೆ ಶೇ. 28 ಜಿಎಸ್‌ಟಿ ಇತ್ತು. ಅದನ್ನೂ ಟಿಡಿಎಸ್ ಜೊತೆ ಕೂಡಿಸಿ ಕ್ಲೇಮ್ ಮಾಡಿದವರಿದ್ದಾರೆ. ಜಿಎಸ್‌ಟಿ ಬೇರೆ ಖಾತೆ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದಕ್ಕೆ ಜಾಗವಿಲ್ಲ.

ಈಗ ನಿಜವಾದ ತಪ್ಪುಗಳ ಕಡೆ ಬರೋಣ. ಕಂಪನಿ ಪ್ರತಿ ಮೂರು ತಿಂಗಳಿಗೊಮ್ಮೆ 26ಕ್ಯೂ ಅನ್ನುವ ಸ್ಟೇಟ್‌ಮೆಂಟ್ ಹಾಕುತ್ತದೆ. ಯಾವ ಪ್ಯಾನ್‌ಗೆ ಎಷ್ಟು ಕೊಟ್ಟೆವು, ಎಷ್ಟು ಕಟ್ ಮಾಡಿದೆವು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಅದರಿಂದಲೇ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಿಗುವ ನಿಮ್ಮ 26ಎಎಸ್ (ನಿಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ಇಲಾಖೆಗೆ ಬಂದ ನಿಮ್ಮ ವರ್ಷದ ವ್ಯವಹಾರಗಳ ಪಟ್ಟಿ) ತುಂಬಿಕೊಳ್ಳುತ್ತವೆ. ನಿಮಗೆ ಸಿಗುವ ಟಿಡಿಎಸ್ ಸರ್ಟಿಫಿಕೇಟ್ ಆದ ಫಾರ್ಮ್ 16ಎ ಕೂಡ ಅಲ್ಲಿಂದಲೇ ಹುಟ್ಟುವುದು. ಜುಲೈನಿಂದ ಸೆಪ್ಟೆಂಬರ್‌ವರೆಗಿನ 26ಕ್ಯೂ ಹಾಕಲು ಅಕ್ಟೋಬರ್ 31 ಗಡುವು, 16ಎ ಕೊಡಲು ನವೆಂಬರ್ 15. ಅಂದರೆ ಆಗಸ್ಟ್‌ನಲ್ಲಿ ಆ್ಯಪ್ ಮುಚ್ಚಿದಾಗ ಬಂದ ದುಡ್ಡಿನ ಕಾಗದ 2025ರ ನವೆಂಬರ್ ಮಧ್ಯಕ್ಕೇ ನಿಮ್ಮ ಕೈಗೆ ಬಂದಿರಬೇಕಿತ್ತು. ಬಂದಿಲ್ಲದಿದ್ದರೆ ಹುಡುಕಾಟ ಅಲ್ಲಿಂದಲೇ ಶುರು ಮಾಡಿ.

26ಎಎಸ್ ತೆಗೆದಾಗ ಒಂದು ಸಾಲನ್ನು ಪೂರ್ತಿ ಓದಿ. ಮೊದಲು ಕಂಪನಿಯ ಹೆಸರು ಮತ್ತು ಟ್ಯಾನ್ ನಂಬರ್ (ಟಿಡಿಎಸ್ ಕಟ್ ಮಾಡುವವರಿಗೆ ಕೊಡುವ ಗುರುತಿನ ಸಂಖ್ಯೆ). ಇಲ್ಲಿ ಆ್ಯಪ್‌ನ ಹೆಸರು ಇರುವುದಿಲ್ಲ, ಅದನ್ನು ನಡೆಸುವ ಕಂಪನಿಯ ಹೆಸರು ಇರುತ್ತದೆ. "ಇದ್ಯಾವ ಕಂಪನಿ, ನಾನು ಕೇಳೇ ಇಲ್ಲ" ಅಂತ ಎಷ್ಟೋ ಜನ ಬೆಚ್ಚಿಬೀಳುವುದು ಇಲ್ಲೇ. ಆಮೇಲೆ ಸೆಕ್ಷನ್: ಆನ್‌ಲೈನ್ ಆಟಕ್ಕೆ 194ಬಿಎ, ಲಾಟರಿ ಮತ್ತು ಕ್ಯಾಸಿನೋಗೆ 194ಬಿ. ಆಮೇಲೆ ತಾರೀಖು. ಅದರ ಪಕ್ಕ ಒಂದೇ ಅಕ್ಷರದ ಕಾಲಂ ಇದೆ. ಅಲ್ಲಿ 'ಎಫ್' ಇದ್ದರೆ ಕಂಪನಿ ಕಟ್ಟಿದ ದುಡ್ಡು ಸರ್ಕಾರದ ಲೆಕ್ಕಕ್ಕೆ ತಾಳೆಯಾಗಿದೆ. 'ಯು' ಇದ್ದರೆ ಆಗಿಲ್ಲ: ಒಂದೋ ಕಂಪನಿ ದುಡ್ಡು ಕಟ್ಟಿಲ್ಲ, ಇಲ್ಲವೇ ಚಲನ್ ನಂಬರ್ ತಪ್ಪಾಗಿ ಬರೆದಿದೆ. 'ಯು' ಇರುವಾಗ ಆ ಟಿಡಿಎಸ್ ಕ್ಲೇಮ್ ಮಾಡಿದರೆ ಡಿಮಾಂಡ್ ಬರುವುದು ಹೆಚ್ಚೂಕಡಿಮೆ ಗ್ಯಾರಂಟಿ. ಎಐಎಸ್‌ನ ಅಂದಚಂದದ ಪಟ್ಟಿ ಮಾತ್ರ ನೋಡಿ 26ಎಎಸ್ ತೆಗೆಯದೇ ಬಿಡುವವರಿಗೆ ಈ ಅಕ್ಷರ ಕಣ್ಣಿಗೇ ಬೀಳುವುದಿಲ್ಲ.

ಕೊನೆಯಲ್ಲಿ ಮೂರು ಮೊತ್ತಗಳು ಇರುತ್ತವೆ, ಕೊಟ್ಟಿದ್ದು, ಕಟ್ ಮಾಡಿದ್ದು ಮತ್ತು ಸರ್ಕಾರಕ್ಕೆ ಕಟ್ಟಿದ್ದು. ಆನ್‌ಲೈನ್ ಆಟದಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಈ ಮೊದಲನೇ ಮೊತ್ತದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಆನ್‌ಲೈನ್ ಆಟಕ್ಕೆ ತೆರಿಗೆ ಬೀಳುವುದು ಒಂದೊಂದು ಪಂದ್ಯದ ಗೆಲುವಿಗಲ್ಲ, ನಿವ್ವಳ ಗೆಲುವಿಗೆ. ಅದರ ಲೆಕ್ಕ ಹಳೇ ನಿಯಮಾವಳಿಯ 133ನೇ ನಿಯಮದಲ್ಲಿದೆ. ವರ್ಷದಲ್ಲಿ ವ್ಯಾಲೆಟ್‌ನಿಂದ ತೆಗೆದ ಒಟ್ಟು ದುಡ್ಡಿಗೆ ವರ್ಷದ ಕೊನೆಯ ಬಾಕಿ ಕೂಡಿಸಿ. ಅದರಲ್ಲಿ ನಿಮ್ಮ ಕೈಯಿಂದ ಹಾಕಿದ ದುಡ್ಡನ್ನೂ ವರ್ಷದ ಶುರುವಿನಲ್ಲಿದ್ದ ಬಾಕಿಯನ್ನೂ ಕಳೆಯಿರಿ. ಉಳಿದದ್ದೇ ನಿವ್ವಳ ಗೆಲುವು. ವರ್ಷದ ಮಧ್ಯೆ ದುಡ್ಡು ತೆಗೆದಾಗಲೆಲ್ಲ ಅಲ್ಲಿಯವರೆಗಿನ ಲೆಕ್ಕ ಹಾಕಿ ಟಿಡಿಎಸ್ ಕಟ್ ಮಾಡುತ್ತಾರೆ, ಮಾರ್ಚ್ 31ಕ್ಕೆ ಇನ್ನೊಮ್ಮೆ ಲೆಕ್ಕ ಹಾಕುತ್ತಾರೆ.

ಸಪ್ತಾಪುರದ ಒಬ್ಬ ಹುಡುಗ ಅಂತಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ವ್ಯಾಲೆಟ್ ಖಾಲಿ. 20,000 ಹಾಕಿದ. ಮೇ ತಿಂಗಳಲ್ಲಿ 15,000 ತೆಗೆದ. ಹಾಕಿದ್ದಕ್ಕಿಂತ ತೆಗೆದದ್ದು ಕಮ್ಮಿ, ಟಿಡಿಎಸ್ ಇಲ್ಲ. ಜೂನ್‌ನಲ್ಲಿ 17,000 ತೆಗೆದ. ಈಗ ಒಟ್ಟು ತೆಗೆದದ್ದು 32,000, ಹಾಕಿದ್ದು 20,000. ನಿವ್ವಳ 12,000, ಅದರ ಶೇ. 30 ಅಂದರೆ 3,600 ಕಟ್ ಆಗಿ ಕೈಗೆ 13,400 ಬಂತು. ಹುಮ್ಮಸ್ಸಿನಲ್ಲಿ ಜುಲೈನಲ್ಲಿ ಇನ್ನೂ 10,000 ಹಾಕಿದ, ಎಲ್ಲ ಕಳೆದುಕೊಂಡ. ಆಗಸ್ಟ್‌ನಲ್ಲಿ ಆ್ಯಪ್ ನಿಂತಾಗ ವ್ಯಾಲೆಟ್‌ನಲ್ಲಿ ಸೊನ್ನೆ.

ವರ್ಷದ ಲೆಕ್ಕ: ತೆಗೆದದ್ದು 32,000, ಹಾಕಿದ್ದು 30,000, ನಿವ್ವಳ ಗೆಲುವು 2,000. ತೆರಿಗೆ ಸೆಸ್ ಸೇರಿ 624. ಆದರೆ ಕಟ್ ಆಗಿದ್ದು 3,600. ಅವನ ಬ್ಯಾಂಕ್ ಪಾಸ್‌ಬುಕ್ ಕೇಳಿದರೆ ಹೋದದ್ದು 30,000, ಬಂದದ್ದು 28,400. ಅಂದರೆ ಜೇಬಿಗೆ 1,600 ನಷ್ಟ. 26ಎಎಸ್ ಕೇಳಿದರೆ 'ಕೊಟ್ಟಿದ್ದು 12,000'. ಒಂದೇ ವರ್ಷಕ್ಕೆ ಮೂರು ಉತ್ತರ!

ಇಲ್ಲಿ ಕಂಪನಿ ತಪ್ಪು ಮಾಡಿದೆಯಾ? ಇಲ್ಲ. ಜೂನ್ ತಿಂಗಳಲ್ಲಿ 12,000 ಸರಿಯೇ ಇತ್ತು. ಹೆಚ್ಚಾಗಿ ಕಟ್ ಆದದ್ದನ್ನು ಕಂಪನಿ ವಾಪಸ್ ಕೊಡುವುದಿಲ್ಲ, ರಿಟರ್ನ್ ಹಾಕಿ ಇಲಾಖೆಯಿಂದಲೇ ಪಡೆಯಬೇಕು. ರಿಟರ್ನ್‌ನಲ್ಲಿ ತೋರಿಸಬೇಕಾದದ್ದು 2,000. ಇಲಾಖೆಯ ಕಂಪ್ಯೂಟರ್ ಇದನ್ನು 26ಎಎಸ್‌ನ 12,000ಕ್ಕೆ ಹೋಲಿಸಿ 'ಆದಾಯ ಕಮ್ಮಿ ತೋರಿಸಿದ್ದೀರಿ' ಅಂತ ಕೇಳಬಹುದು. ಆಗ ಗಾಬರಿಯಾಗಿ 12,000 ಒಪ್ಪಿಕೊಂಡುಬಿಟ್ಟರೆ ಇಲ್ಲದ ಗೆಲುವಿಗೆ ತೆರಿಗೆ ಕಟ್ಟಿದಂತೆ. ಬಂದ ಪತ್ರಕ್ಕೆ ಉತ್ತರಿಸಲು 30 ದಿನ ಕೊಟ್ಟಿರುತ್ತಾರೆ. ಆ್ಯಪ್‌ನ ಪೂರ್ತಿ ವರ್ಷದ ಲೆಡ್ಜರ್ (ದುಡ್ಡು ಹಾಕಿದ, ತೆಗೆದ ಲೆಕ್ಕದ ಪಟ್ಟಿ) ಇಟ್ಟುಕೊಂಡು, ಮೇಲೆ ಹೇಳಿದ ಕೂಡು-ಕಳೆ ಲೆಕ್ಕ ಬರೆದು ಒಪ್ಪುವುದಿಲ್ಲ ಅಂತ ಉತ್ತರಿಸಬೇಕು.

ಕಂಪನಿಯದೇ ತಪ್ಪಿರುವ ಪ್ರಕರಣ ನೋಡಲು ಇದರ ಹಾಗೇ ಕಾಣುತ್ತದೆ, ಆದರೆ ಬೇರೆ. ಹಿಂದಿನ ಮಾರ್ಚ್ 31ಕ್ಕೆ ನಿಮ್ಮ ವ್ಯಾಲೆಟ್‌ನಲ್ಲಿ 5,000 ಬಾಕಿ ಇತ್ತು ಅನ್ನಿ. ಆ ವರ್ಷದ ಲೆಕ್ಕದಲ್ಲಿ ಅದು ಕೂಡಿಕೊಂಡು ತೆರಿಗೆ ಬಿದ್ದಾಗಿದೆ. ಈ ವರ್ಷ ಅದನ್ನು ಆರಂಭದ ಬಾಕಿ ಅಂತ ಕಳೆಯಬೇಕಿತ್ತು. ಕಂಪನಿ ಕಳೆಯದೇ ಬಿಟ್ಟರೆ ಅದೇ 5,000ಕ್ಕೆ ಎರಡು ಸಲ ತೆರಿಗೆ. ಇದನ್ನು ಕಂಪನಿ 26ಕ್ಯೂ ತಿದ್ದಿಯೇ ಸರಿ ಮಾಡಬೇಕು. ಹಾಗಾಗಿ ಎರಡು ವರ್ಷದ ಲೆಡ್ಜರ್ ಅಕ್ಕಪಕ್ಕ ಇಡದೆ 'ಕಂಪನಿ ಮೋಸ ಮಾಡಿದೆ' ಅಂತಾಗಲಿ 'ಎಲ್ಲ ಸರಿ ಇದೆ' ಅಂತಾಗಲಿ ಹೇಳಲು ಬರುವುದಿಲ್ಲ.

ಕ್ಯಾಸಿನೋಗೆ ಈ ನಿವ್ವಳದ ಸೌಲಭ್ಯ ಇಲ್ಲ. ರಾತ್ರಿಯೆಲ್ಲ ಆಡಿ ಒಂದು ಆಟದಲ್ಲಿ 40,000 ಗೆದ್ದು ಉಳಿದದ್ದರಲ್ಲಿ 60,000 ಸೋತರೂ ಆ ಸೋಲನ್ನು ಗೆಲುವಿನಿಂದ ಕಳೆಯಲು ಕಾನೂನು ಬಿಡುವುದಿಲ್ಲ. ಹೋದ ಪೆಟ್ರೋಲ್, ಲಾಡ್ಜ್ ಖರ್ಚೂ ಅಷ್ಟೇ. 2025ರ ಏಪ್ರಿಲ್ 1ರಿಂದ ಒಂದೇ ಸಲಕ್ಕೆ 10,000 ದಾಟಿದ ಗೆಲುವಿಗೆ ಟಿಡಿಎಸ್ ಬೀಳುತ್ತದೆ. ಅದಕ್ಕೂ ಮುಂಚಿನ ಎರಡು ವರ್ಷ ಇಡೀ ವರ್ಷದ್ದನ್ನು ಕೂಡಿಸಿ 10,000 ನೋಡುತ್ತಿದ್ದರು. ಟಿಡಿಎಸ್ ಬೀಳಲಿಲ್ಲ ಅಂದರೆ ತೆರಿಗೆ ಇಲ್ಲ ಅಂತ ಅರ್ಥವಲ್ಲ, 8,000 ಗೆದ್ದರೂ ರಿಟರ್ನ್‌ನಲ್ಲಿ ತೋರಿಸಬೇಕು. ಓಸಿ (ಮಟ್ಕಾ), ಅಂದರ್-ಬಾಹರ್‌ಗೂ ಇದೇ ಮಾತು. ಆಟವೇ ಕಾನೂನುಬಾಹಿರ ಇರಬಹುದು, ತೆರಿಗೆ ಕಾಯ್ದೆಗೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ಕ್ಯಾಸಿನೋದಲ್ಲಿ ನಮ್ಮವರಿಗೆ ಆಗುವ ತಾಪತ್ರಯ ಬೇರೆ ಥರದ್ದು. ನಾಲ್ಕು ಮಂದಿ ಒಂದೇ ಕಾರಿನಲ್ಲಿ ಹೋಗಿರುತ್ತಾರೆ. ಆಡಿದ್ದು ನಾಲ್ವರು, ಚಿಪ್ಸ್ ಒಟ್ಟುಮಾಡಿ ಕೌಂಟರ್‌ನಲ್ಲಿ ಕೊಟ್ಟಿದ್ದು ಒಬ್ಬ. "ಏ, ನಿಂದ ಪ್ಯಾನ್ ಕೊಟ್ಟಬಿಡೋ" ಅಂದಿರುತ್ತಾರೆ. ದುಡ್ಡನ್ನು ವಾಪಸ್ ಬರುವಾಗಲೇ ಕಾರಿನಲ್ಲಿ ಪಾಲು ಹಾಕಿಕೊಂಡಾಗಿದೆ. ಮುಂದಿನ ವರ್ಷ ಪ್ಯಾನ್ ಕೊಟ್ಟವನ 26ಎಎಸ್‌ನಲ್ಲಿ ಅಷ್ಟೂ ಗೆಲುವು ಕೂತಿರುತ್ತದೆ. ಉಳಿದ ಮೂವರಿಗೆ ಅದು ನೆನಪೂ ಇರುವುದಿಲ್ಲ.

ಇದಕ್ಕೆ ಕಾನೂನಿನಲ್ಲಿ ದಾರಿ ಇದೆ, 37ಬಿಎ ನಿಯಮದಲ್ಲಿ. ಆದಾಯ ನಿಜಕ್ಕೂ ಇನ್ನೊಬ್ಬರದ್ದಾಗಿದ್ದರೆ, ಯಾರ ಪ್ಯಾನ್‌ನಲ್ಲಿ ಕಟ್ ಆಗಿದೆಯೋ ಅವರು ದುಡ್ಡು ಕೊಟ್ಟ ಸಂಸ್ಥೆಗೆ ಒಂದು ಘೋಷಣಾ ಪತ್ರ ಕೊಡಬೇಕು. ಆದಾಯ ನಿಜಕ್ಕೂ ಯಾರದ್ದೋ ಆ ಇನ್ನೊಬ್ಬರ ಹೆಸರು, ವಿಳಾಸ, ಪ್ಯಾನ್, ಎಷ್ಟು ಪಾಲು, ಯಾಕೆ ಅನ್ನುವುದೆಲ್ಲ ಅದರಲ್ಲಿ ಇರಬೇಕು. ಸಂಸ್ಥೆ ತನ್ನ ಸ್ಟೇಟ್‌ಮೆಂಟ್‌ನಲ್ಲಿ ಆ ಹೆಸರಿಗೇ ಟಿಡಿಎಸ್ ತೋರಿಸುತ್ತದೆ. ಆದರೆ ಇದು ಆ ತ್ರೈಮಾಸಿಕದ 26ಕ್ಯೂ ಹೋಗುವ ಮುಂಚೆ ಆಗಬೇಕಾದ ಕೆಲಸ. ವರ್ಷ ಕಳೆದ ಮೇಲೆ ಹೋದರೆ ಯಾವ ಕೌಂಟರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಸುಲಭ, ಅವರವರ ಚಿಪ್ಸ್ ಅವರವರೇ ಕೊಟ್ಟು ದುಡ್ಡು ತಗೊಳ್ಳೋದು.

ಪ್ಯಾನ್‌ನ ಒಂದೇ ಅಕ್ಷರ ತಪ್ಪಿದ ಪ್ರಕರಣ ಇದಕ್ಕಿಂತ ಸಾಮಾನ್ಯ. ಹೆಸರಿನ ಸ್ಪೆಲ್ಲಿಂಗ್ ಹೇಗಿದ್ದರೂ ನಡೆಯುತ್ತದೆ, ಪ್ಯಾನ್ ಮಾತ್ರ ತಪ್ಪುವ ಹಾಗಿಲ್ಲ. ನಿಮ್ಮ ದುಡ್ಡು ಕಟ್ ಆಗಿರುತ್ತದೆ, ಇನ್ಯಾರದೋ ಲೆಕ್ಕಕ್ಕೆ ಜಮಾ ಆಗಿರುತ್ತದೆ. ಇದನ್ನು ಹುಬ್ಬಳ್ಳಿಯ ಆದಾಯ ತೆರಿಗೆ ಕಚೇರಿಯಲ್ಲಿ ತಿದ್ದಿಸಬಹುದು ಅಂತ ಧಾರವಾಡದಿಂದ ಚಿಗರಿ ಬಸ್ ಹತ್ತಿ ನವನಗರದಲ್ಲಿ ಇಳಿಯುವವರಿದ್ದಾರೆ. ಅಲ್ಲಿನ ಅಧಿಕಾರಿ ನಿಮ್ಮ ರಿಟರ್ನ್ ನೋಡಬಲ್ಲರು. ಬೆಂಗಳೂರಿನದೋ ಮುಂಬೈನದೋ ಕಂಪನಿ ಹಾಕಿದ 26ಕ್ಯೂನಲ್ಲಿ ಒಂದು ಅಕ್ಷರ ಬದಲಿಸುವ ಅಧಿಕಾರ ಅವರಿಗಿಲ್ಲ. ಅದನ್ನು ಕಂಪನಿಯೇ ತಿದ್ದುಪಡಿ ಸ್ಟೇಟ್‌ಮೆಂಟ್ ಹಾಕಿ ಸರಿ ಮಾಡಬೇಕು. ಎಐಎಸ್‌ನಲ್ಲಿ 'ಈ ಮಾಹಿತಿ ಸರಿಯಿಲ್ಲ' ಅಂತ ಫೀಡ್‌ಬ್ಯಾಕ್ ಒತ್ತುವುದೂ ಒಳ್ಳೆಯದೇ, ನಿಮ್ಮ ಆಕ್ಷೇಪ ದಾಖಲಾಗುತ್ತದೆ. ಆದರೆ ಫೀಡ್‌ಬ್ಯಾಕ್ ಕೊಟ್ಟ ಮಾತ್ರಕ್ಕೆ 26ಎಎಸ್ ಬದಲಾಗುವುದಿಲ್ಲ. ಈ ಎರಡನ್ನು ಒಂದೇ ಅಂತ ತಿಳಿದು ಸುಮ್ನೆ ಕೂತವರು ಜಾಸ್ತಿ.

ಕಂಪನಿಗೆ ಬರೆಯುವಾಗ "ನನ್ನ ಟಿಡಿಎಸ್ ಕಾಣ್ತಿಲ್ಲ, ಪ್ಲೀಸ್ ಚೆಕ್" ಅಂತ ಆ್ಯಪ್‌ನ ಚಾಟ್‌ನಲ್ಲಿ ಹಾಕಿದರೆ ಯಂತ್ರದ ಉತ್ತರ ಬರುತ್ತದೆ, ಅಷ್ಟೇ. ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ, ಇಮೇಲೂ ಹಾಕಿ. ಹೀಗಿರಲಿ: "ನಿಮ್ಮ ಟ್ಯಾನ್ ಇಷ್ಟು, ನನ್ನ ಪ್ಯಾನ್ ಇಷ್ಟು. ಇಂಥ ದಿನ ಇಷ್ಟು ರೂಪಾಯಿ ತೆಗೆದಾಗ ಇಷ್ಟು ಟಿಡಿಎಸ್ ಕಟ್ ಮಾಡಿದ್ದೀರಿ. 2025-26ರ ಎರಡನೇ ತ್ರೈಮಾಸಿಕದ ಸ್ಟೇಟ್‌ಮೆಂಟ್‌ನಲ್ಲಿ ಇದು ನನ್ನ ಪ್ಯಾನ್‌ಗೆ ಬಂದಿಲ್ಲ. ತಿದ್ದುಪಡಿ ಸ್ಟೇಟ್‌ಮೆಂಟ್ ಹಾಕಿ 16ಎ ಕಳಿಸಿ." ಜೊತೆಗೆ ದುಡ್ಡು ತೆಗೆದ ವಿವರ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್‌ನ ಆ ಪುಟ. ಬೈಗುಳ ಬೇಡ. ಬೇಕಿದ್ದರೆ ಒಂದು ಸಾಲು ಸೇರಿಸಿ: 16ಎ ಕೊಡದಿದ್ದರೆ ದಿನಕ್ಕೆ 500 ರೂ. ದಂಡವಿದೆ, ಸ್ಟೇಟ್‌ಮೆಂಟ್‌ನಲ್ಲಿ ತಪ್ಪು ಮಾಹಿತಿ ಕೊಟ್ಟರೆ 10,000ದಿಂದ 1 ಲಕ್ಷದವರೆಗೆ. ಕಂಪನಿಯ ಲೆಕ್ಕ ವಿಭಾಗದವರಿಗೆ ಈ ಸಾಲು ಚೆನ್ನಾಗಿ ಅರ್ಥವಾಗುತ್ತದೆ.

ಕಂಪನಿ ಉತ್ತರವನ್ನೇ ಕೊಡದಿದ್ದರೆ? ದುಡ್ಡಿನ ಆಟ ನಿಲ್ಲಿಸಿದ್ದರೂ ಕಂಪನಿ ಕಾನೂನಿನ ಲೆಕ್ಕದಲ್ಲಿ ಬದುಕಿರುತ್ತದೆ, ಅದರ ಟ್ಯಾನ್ ಕೂಡ ಇರುತ್ತದೆ. ಇನ್ನು ಹಳೇ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 205 ನಿಮ್ಮ ಪರವಾಗಿದೆ. ನಿಮ್ಮಿಂದ ತೆರಿಗೆ ಕಟ್ ಆಗಿದ್ದರೆ ಅದನ್ನು ಕಂಪನಿ ಸರ್ಕಾರಕ್ಕೆ ಕಟ್ಟದಿದ್ದರೂ ನಿಮ್ಮಿಂದ ಮತ್ತೆ ವಸೂಲಿ ಮಾಡುವಂತಿಲ್ಲ. ಇಂಥ ಬಾಕಿಗಳನ್ನು ಬಲವಂತವಾಗಿ ವಸೂಲಿ ಮಾಡಬೇಡಿ ಅಂತ ನೇರ ತೆರಿಗೆ ಮಂಡಳಿ 2015ರಲ್ಲೂ 2016ರ ಮಾರ್ಚ್‌ನಲ್ಲೂ ತನ್ನ ಅಧಿಕಾರಿಗಳಿಗೆ ಹೇಳಿದೆ. ಆದರೆ ಕಟ್ ಆಗಿದೆ ಅಂತ ತೋರಿಸಬೇಕಾದವರು ನೀವು. 16ಎ ಇಲ್ಲದಿದ್ದಾಗ ಉಳಿಯುವ ಸಾಕ್ಷಿ ಎರಡೇ. ಒಂದು, 17,000 ತೆಗೆದೆ, 3,600 ಕಟ್ ಆಯಿತು, 13,400 ಬಂತು ಅಂತ ತೋರಿಸುವ ಆ್ಯಪ್‌ನ ವಿವರ. ಇನ್ನೊಂದು, ಅದೇ 13,400 ಜಮಾ ಆದ ಬ್ಯಾಂಕ್ ಸಾಲು.

ಇಲ್ಲಿ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಒಂದು ಬಲೆ ಇದೆ. ಬಾಕಿ ಡಿಮಾಂಡ್‌ಗೆ ಉತ್ತರಿಸುವ ಪುಟದಲ್ಲಿ 'ಡಿಮಾಂಡ್ ಸರಿ ಇದೆ' ಅನ್ನುವುದನ್ನು ಒತ್ತಿದರೆ ಆಮೇಲೆ ಒಪ್ಪುವುದಿಲ್ಲ ಅನ್ನಲು ಬಿಡುವುದಿಲ್ಲ. ಸೈಬರ್ ಸೆಂಟರ್‌ನ ಹುಡುಗ "ಮುಂದ ಹೋಗಾಕ ಇದನ್ನ ಒತ್ತಬೇಕ್ರಿ" ಅಂದರೂ ಕೈ ತಡೆಯಿರಿ. ಒಪ್ಪುವುದಿಲ್ಲ ಅನ್ನುವುದನ್ನು ಆರಿಸಿ ಕಾರಣ ಬರೆಯಿರಿ. ಸುಮ್ಮನಿದ್ದರೂ ಕಷ್ಟ, ಮುಂದಿನ ವರ್ಷದ ನಿಮ್ಮ ರಿಫಂಡ್‌ಗೆ ಆ ಬಾಕಿಯನ್ನು ಹೊಂದಿಸಿಕೊಳ್ಳುತ್ತಾರೆ. ಕಂಪನಿ ತಿದ್ದುಪಡಿ ಹಾಕಿ 26ಎಎಸ್ ಸರಿಯಾದ ಮೇಲೆ ರೆಕ್ಟಿಫಿಕೇಶನ್ (ಇಲಾಖೆಯ ಆದೇಶ ತಿದ್ದಿ ಅನ್ನುವ) ಅರ್ಜಿ ಹಾಕಿ ರಿಟರ್ನ್ ಮತ್ತೆ ಪರಿಶೀಲಿಸಲು ಕೇಳಿ. ಅದಕ್ಕೆ ಆದೇಶ ಬಂದ ಆರ್ಥಿಕ ವರ್ಷದ ಕೊನೆಯಿಂದ ನಾಲ್ಕು ವರ್ಷ ಟೈಮ್ ಇದೆ. 26ಎಎಸ್ ಸರಿಯಾಗುವ ಮೊದಲೇ ಅರ್ಜಿ ಹಾಕಿದರೆ ಅದೇ ಉತ್ತರ ಮತ್ತೆ ಬರುತ್ತದೆ.

ನಿಮ್ಮ ಕೈಯಿಂದಲೇ ಆದ ತಪ್ಪನ್ನು ತಿದ್ದುವುದು ಇಷ್ಟು ಕಷ್ಟವಲ್ಲ. ಗೆಲುವು ಇದ್ದವರು ಐಟಿಆರ್-1 ಅಥವಾ 4 ಹಾಕುವಂತಿಲ್ಲ. ವ್ಯಾಪಾರ ಇಲ್ಲದವರು ಐಟಿಆರ್-2, ಇದ್ದವರು ಐಟಿಆರ್-3 ಹಾಕಬೇಕು. ಅದರಲ್ಲಿ ಇತರ ಮೂಲಗಳ ಪಟ್ಟಿಯಲ್ಲಿ 115ಬಿಬಿಗೆ ಒಂದು ಸಾಲು, 115ಬಿಬಿಜೆಗೆ ಇನ್ನೊಂದು. ಫಾರ್ಮ್ ತಪ್ಪಾಗಿ ದೋಷದ ನೋಟಿಸ್ ಬಂದರೆ ಸರಿಪಡಿಸಲು 15 ದಿನ. ನೋಟಿಸ್ ಬರುವವರೆಗೆ ಕಾಯದೆ ಡಿಸೆಂಬರ್ 31ರೊಳಗೆ ನೀವೇ ಪರಿಷ್ಕೃತ ರಿಟರ್ನ್ ಹಾಕಿದರೆ ಇನ್ನೂ ಒಳ್ಳೆಯದು. ಗೆಲುವನ್ನು ಪೂರ್ತಿ ಮರೆತವರಿಗೆ ನಾಲ್ಕು ವರ್ಷದವರೆಗೆ ಅಪ್‌ಡೇಟೆಡ್ ರಿಟರ್ನ್ ಇದೆ. ಅದಕ್ಕೆ ತೆರಿಗೆ, ಬಡ್ಡಿಯ ಮೇಲೆ ಶೇ. 25ರಿಂದ ಶೇ. 70ರವರೆಗೆ ಹೆಚ್ಚುವರಿ ಕಟ್ಟಬೇಕು, ತಡವಾದಷ್ಟೂ ಜಾಸ್ತಿ. ಅದರಲ್ಲಿ ರಿಫಂಡ್ ಕೇಳಲು ಬರುವುದಿಲ್ಲ. ಸಪ್ತಾಪುರದ ಹುಡುಗ 2,976 ರೂಪಾಯಿ ವಾಪಸ್ ಬೇಕು ಅಂದರೆ ಸಮಯಕ್ಕೆ ರಿಟರ್ನ್ ಹಾಕಲೇಬೇಕು. ವರ್ಷದಲ್ಲಿ ಟಿಡಿಎಸ್ 25,000 ದಾಟಿದ 60 ವರ್ಷದೊಳಗಿನವರಿಗಂತೂ, ಆದಾಯ ಎಷ್ಟೇ ಕಮ್ಮಿ ಇರಲಿ, ರಿಟರ್ನ್ ಕಡ್ಡಾಯ.

ಆಡದೇ ಇದ್ದವರ ಹೆಸರಿಗೆ ಗೆಲುವು ಬರುವುದೂ ಇದೆ. ಗೆಳೆಯನಿಗೆ ಅಂತ ಪ್ಯಾನ್, ಆಧಾರ್ ಫೋಟೋ ಕಳಿಸಿರುತ್ತಾರೆ, ಇಲ್ಲವೇ ತಿಂಗಳಿಗಿಷ್ಟು ಅಂತ ಬ್ಯಾಂಕ್ ಖಾತೆಯನ್ನೇ ಬಾಡಿಗೆಗೆ ಕೊಟ್ಟಿರುತ್ತಾರೆ. ಮೊದಲನೆಯದಕ್ಕೆ ಎಐಎಸ್‌ನಲ್ಲಿ ನಿರಾಕರಣೆ, ಕಂಪನಿಗೆ ಪತ್ರ, ಸೈಬರ್ ಸಹಾಯವಾಣಿ 1930ಕ್ಕೆ ದೂರು. ಎರಡನೆಯದು ತೆರಿಗೆಗಿಂತ ದೊಡ್ಡ ತಲೆನೋವು, ಅದಕ್ಕೆ ಆಡಿಟರ್ ಸಾಲದು, ವಕೀಲರು ಬೇಕು.

ಲಾಟರಿ ನಮ್ಮ ರಾಜ್ಯದಲ್ಲಿ 2007ರಲ್ಲೇ ಬಂದ್ ಆಯಿತು. ಕೇರಳಕ್ಕೆ ಹೋದಾಗ ಟಿಕೆಟ್ ತಗೊಂಡು ಗೆದ್ದರೆ ಅಲ್ಲಿ ಶೇ. 30 ಕಟ್ ಆಗುತ್ತದೆ. ಆದಾಯ 50 ಲಕ್ಷ ದಾಟಿದರೆ ಬೀಳುವ ಸರ್‌ಚಾರ್ಜ್ ಅದರಲ್ಲಿ ಸೇರಿರುವುದಿಲ್ಲ, ಗೆದ್ದವರೇ ಆಮೇಲೆ ಕಟ್ಟಬೇಕು. ಅಂಗಡಿಯ ಲಕ್ಕಿ ಡ್ರಾದಲ್ಲಿ ಬೈಕ್ ಬಂದರೆ ಅದೂ ತೆರಿಗೆ ಕಾಯ್ದೆಗೆ ಲಾಟರಿಯೇ. ಬೀಗದ ಕೈ ಕೊಡುವ ಮೊದಲೇ ತೆರಿಗೆ ಕಟ್ಟಿಸಿಕೊಳ್ಳುವುದು ಅಂಗಡಿಯವರ ಜವಾಬ್ದಾರಿ. ಹಬ್ಬದ ಸೇಲ್‌ನಲ್ಲಿ ಎಷ್ಟು ಅಂಗಡಿಯವರು ಇದನ್ನು ಮಾಡುತ್ತಾರೋ ನೀವೇ ಊಹಿಸಿ.

ಕೊನೆಗೆ ಗಡುವಿನ ವಿಷಯ. ಕಂಪನಿಗಳು ತಿದ್ದುಪಡಿ ಸ್ಟೇಟ್‌ಮೆಂಟ್ ಹಾಕಲು ಹಳೇ ಕಾಯ್ದೆಯಲ್ಲಿ ಆರು ವರ್ಷ ಇತ್ತು. 2026ರ ಏಪ್ರಿಲ್ 1ರಿಂದ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು ಎರಡೇ ವರ್ಷ, ಸ್ಟೇಟ್‌ಮೆಂಟ್ ಹಾಕಬೇಕಿದ್ದ ವರ್ಷದ ಕೊನೆಯಿಂದ. ಹಳೇ ಸ್ಟೇಟ್‌ಮೆಂಟ್‌ಗಳಿಗೂ ಇದೇ ಲೆಕ್ಕ. 194ಬಿಎ ಶುರುವಾದ ಮೊದಲ ವರ್ಷವಾದ 2023-24ರ ಮೊದಲ ಮೂರು ತ್ರೈಮಾಸಿಕಗಳಿಗೆ 2026ರ ಮಾರ್ಚ್ 31ಕ್ಕೇ ಬಾಗಿಲು ಹಾಕಿತು. ಆ ವರ್ಷದ ಕೊನೆಯ ತ್ರೈಮಾಸಿಕಕ್ಕೂ 2024-25ರ ಮೊದಲ ಮೂರಕ್ಕೂ 2027ರ ಮಾರ್ಚ್ 31. ಆ್ಯಪ್ ಮುಚ್ಚಿದ ಆಗಸ್ಟ್ ತಿಂಗಳ ಲೆಕ್ಕಕ್ಕೆ 2028ರ ಮಾರ್ಚ್ 31. ಕಂಪನಿ ಸರ್ವರ್ ಅಲ್ಲಿಯವರೆಗೆ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಆ್ಯಪ್ ಇನ್ನೂ ಫೋನ್‌ನಲ್ಲಿದ್ದು ಲಾಗಿನ್ ಆಗುತ್ತಿದ್ದರೆ ಲೆಡ್ಜರನ್ನು ಇವತ್ತೇ ಇಳಿಸಿಕೊಂಡು, ನಿಮ್ಮ ಇಮೇಲ್‌ಗೆ ಒಂದು ಪ್ರತಿ, ಆಡಿಟರ್‌ಗೆ ಒಂದು ಪ್ರತಿ ಕಳಿಸಿ.